ವಿಗಾನಿನಲ್ಲಿ ನನ್ನ ಬಡ್ಡಿ ವ್ಯವಹಾರ

ಬೆಳ್ಳುಳ್ಳಿಯ ದರ ಕೇಳಿ ಪಾಸ್‌ಪೋರ್ಟ್ ಹಿಡಿದುಕೊಂಡು ಅಂಗಳಕ್ಕೆ ಓಡಿದವರು ನನ್ನನ್ನು ಬಿಟ್ಟರೆ ಇನ್ನೊಬ್ಬರು ಇರಲಿಕ್ಕಿಲ್ಲ. ಫಿಲಿಪೀನ್ಸ್‌ನ ವಾಯವ್ಯ ಅಂಚಿನ ಇಲೋಕೋಸ್ ಸೀಮೆಯಲ್ಲಿ ಎಎಂ ರೇಡಿಯೋದವರು ಸುದ್ದಿ ಓದುವುದಿಲ್ಲ, ಡಂಗುರ ಸಾರುತ್ತಾರೆ. ಇನ್ನೂ ನಸುಕು. ನಾನು ಮಲಗಿದ್ದ ಕೋಣೆಗೂ ಅಡುಗೆಮನೆಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಆಚೆಯಿಂದ ಢಂ ಢಂ ಢಂ ಎಂದು ಡೋಲು, ಡೋಲಿನ ಬೆನ್ನಿಗೆ ಒಬ್ಬ ಗಂಡಸು ಒಂದೇ ಉಸಿರಿನಲ್ಲಿ ಒದರುವುದು, ಅವನ ಉಸಿರು ಮುಗಿದಲ್ಲಿ ಮತ್ತೆ ಡೋಲು. ಪಕ್ಕದ ಸಮುದ್ರದಲ್ಲಿ ಚೀನಾದ ಹಡಗುಗಳಿಗೂ ಇವರ ಹಡಗುಗಳಿಗೂ ತಿಕ್ಕಾಟವಿದೆ ಎಂದು ಪೇಪರಿನಲ್ಲಿ ಓದಿಕೊಂಡು ಬಂದವನು ನಾನು. ಯುದ್ಧ ಶುರುವಾಯಿತೆಂದು ತೀರ್ಮಾನಿಸಿ, ಲುಂಗಿ ಬಿಗಿದು, ಪಾಸ್‌ಪೋರ್ಟು ಮತ್ತು ಬಿ.ಪಿ. ಗುಳಿಗೆಯ ಡಬ್ಬಿ ಹಿಡಿದು ಹೊರಗೆ ಹಾರಿದೆ. ಮನೆಯೊಡತಿ ರಾತ್ರಿಯ ಅನ್ನಕ್ಕೆ ಬೆಳ್ಳುಳ್ಳಿ ಹಾಕಿ ಹುರಿಯುತ್ತಿದ್ದರು. ನನ್ನ ಅವತಾರ ನೋಡಿ, ಸೌಟನ್ನು ಫ್ರಿಜ್ಜಿನ ಮೇಲಿನ ರೇಡಿಯೋದತ್ತ ತೋರಿಸಿ, ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು: "ಹೊರದೇಶದ ಬೆಳ್ಳುಳ್ಳಿ ಬಂದು ನಮ್ಮ ಸಿನಾಯಿತ್‌ನವರ ಬೆಳ್ಳುಳ್ಳಿ ರೇಟು ಬಿದ್ದಿದೆಯಂತೆ. ಅಷ್ಟೆ."

ಈ ಡೋಲಿಗೂ ಒಂದು ಮನೆತನವಿದೆ. ಬೊಂಬೊ ರೇಡಿಯೋ ಎಂಬ ದೇಶವ್ಯಾಪಿ ಜಾಲಕ್ಕೆ ಡೋಲೇ ಹೆಸರು, ಡೋಲೇ ಗುರುತು. ಈ ಸೀಮೆಯ ಊರುಗಳಾದ ವಿಗಾನಿನಲ್ಲಿ 603, ಲಾವೋಗ್‌ನಲ್ಲಿ 711 ಕಿಲೋಹರ್ಟ್ಸ್ ಅವರವು. ವಿಗಾನಿನ 963, ಲಾವೋಗ್‌ನ 909 ಚರ್ಚಿನವು. ಲಾವೋಗ್‌ನಲ್ಲೇ 747 ಬೇರೆ. ಈ ಅಂಕಿಗಳನ್ನು ದಯವಿಟ್ಟು ನೆನಪಿಡಿ, ನನ್ನ ಮಾನ ಹೋದದ್ದು ಇವುಗಳಿಂದಲೇ.

ತಂಗಿಯ ಮಗಳು ವಿಗಾನಿನಲ್ಲಿ ಡಾಕ್ಟರಿ ಓದುತ್ತಿದ್ದಾಳೆ. ಡಾಕ್ಟರಿ ಓದಲು ಫಿಲಿಪೀನ್ಸ್‌ಗೆ ಹೋಗುವುದು ನಮ್ಮವರಿಗೆ ಈಗ ಹೊಸದಲ್ಲ. "ಹುಡುಗಿ ಹೆಂಗದಾಳ, ಏನ್ ತಿಂತಾಳ, ನೋಡ್ಕೊಂಡ ಬಾ" ಎಂದು ತಂಗಿ ನನ್ನನ್ನು ಅಟ್ಟಿದ್ದಳು. ಹುಡುಗಿ ಚೆನ್ನಾಗಿಯೇ ಇದ್ದಳು, ಚೆನ್ನಾಗಿಯೇ ತಿನ್ನುತ್ತಿದ್ದಳು. ನೋಡುವ ಕೆಲಸ ಬೇಗ ಮುಗಿದುಹೋಯಿತು. ಕೆಲಸವಿಲ್ಲದ ಮಾವ ಪರದೇಶದಲ್ಲಿ ಏನು ಮಾಡಬೇಕು? ರೇಡಿಯೋ ಕೇಳಿದೆ.

ನನ್ನ ಅರ್ಹತೆಗಳನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಒಂದು: ನಮ್ಮ ಕಡೆಯ ಸಹಕಾರಿ ಬ್ಯಾಂಕೊಂದರ ಸಾಲ ವಸೂಲಿ ವಿಭಾಗದಲ್ಲಿ ಇಡೀ ನೌಕರಿ ಕಳೆದು, ಹೇಳಿಕೊಳ್ಳುವಂಥ ಯಾವ ಸಾಲವನ್ನೂ ವಸೂಲು ಮಾಡದೆ ಗೌರವಯುತವಾಗಿ ನಿವೃತ್ತನಾದವನು. ಬಾಕಿದಾರರ ಮನೆಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಅವರ ಕಷ್ಟ ಕೇಳಿ, ಬರುವಾಗ ಬಸ್ ಚಾರ್ಜಿಗೆ ಅವರಿಂದಲೇ ಕೈಗಡ ತಂದ ದಾಖಲೆ ನನ್ನ ಹೆಸರಿನಲ್ಲಿದೆ. ಎರಡು: ರೇಡಿಯೋ ಕಲಾವಿದ. 1950ರಲ್ಲಿ ಶುರುವಾದ ಆಕಾಶವಾಣಿ ಧಾರವಾಡದ ಒಂದು ಪೌರಾಣಿಕ ನಾಟಕದಲ್ಲಿ ನಾನು ಎರಡನೆಯ ದೂತ. "ಅಪ್ಪಣೆ, ಮಹಾಪ್ರಭು" ಎಂಬ ಮಾತು ನನ್ನದು. ಅದೊಂದೇ ಮಾತಿನ ಬಲದ ಮೇಲೆ ಮದುವೆಯ ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ "ಬಾನುಲಿ ಕಲಾವಿದರು" ಎಂದು ಅಚ್ಚು ಹಾಕಿಸಿಕೊಂಡೆ. ಹೆಂಡತಿ ಇವತ್ತಿಗೂ ಎರಡನೆಯ ಮಾತು ಯಾವಾಗ ಎಂದು ಕೇಳುತ್ತಾಳೆ.

ಇಲೋಕಾನೊ ನನಗೆ ಬರುವುದಿಲ್ಲ. ತಗಾಲೋಗ್, ಸೆಬುವಾನೊ ಆದಮೇಲೆ ಆ ದೇಶದ ಮೂರನೆಯ ದೊಡ್ಡ ಭಾಷೆ ಅದು. ಇತ್ತ ಸಮುದ್ರ, ಅತ್ತ ಕೊರ್ದಿಯೇರಾ ಬೆಟ್ಟಸಾಲು, ನಡುವಿನ ಇಕ್ಕಟ್ಟಾದ ಪಟ್ಟಿಯಲ್ಲಿ ಬೆಳೆದು, ಅಲ್ಲಿ ಹೊಟ್ಟೆ ತುಂಬದೆ ಕಗಯಾನ್ ಕಣಿವೆಗೂ ಹವಾಯಿಗೂ ಹರಡಿದ ಜನರ ಭಾಷೆ. ಮಿತವ್ಯಯಕ್ಕೆ ಅವರು ಇಡೀ ಫಿಲಿಪೀನ್ಸ್‌ನಲ್ಲಿ ಹೆಸರಾದವರು, ಅವರ ಮೇಲಿನ ಜೋಕುಗಳೆಲ್ಲ ಕಾಸು ಬಿಚ್ಚದ್ದರ ಮೇಲೆಯೇ. ಈ ಬೆಟ್ಟಸಾಲಿನಿಂದಾಗಿಯೇ ಅಲ್ಲಿ ಎಎಂ ಇನ್ನೂ ಗಟ್ಟಿಯಾಗಿ ಉಳಿದಿರುವುದು. ಎಫ್‌ಎಂ ಅಲೆ ಗುಡ್ಡ ಅಡ್ಡ ಬಂದರೆ ನಿಂತುಬಿಡುತ್ತದೆ. ಮಧ್ಯಮ ತರಂಗ ನೆಲಕ್ಕೆ ಅಂಟಿಕೊಂಡು, ಬಾಗಿ, ಹಳ್ಳಕೊಳ್ಳ ಹತ್ತಿಳಿದು ಹೋಗುತ್ತದೆ. ಇದನ್ನು ಮನೆಯೊಡತಿಗೆ, ಅವರನ್ನು ಎಲ್ಲರೂ ಮನಾಂಗ್ ಎನ್ನುತ್ತಾರೆ, ಅಂದರೆ ಅಕ್ಕ, ಕೈಸನ್ನೆ ಸಮೇತ ವಿವರಿಸಿದೆ. ಅವರು ಪೂರ್ತಿ ಕೇಳಿ, "ಅಕ್ಕಿ ಡಬ್ಬದ ಮೇಲಿಟ್ಟರೆ ಸ್ವಲ್ಪ ಗೊರಗೊರ, ಫ್ರಿಜ್ಜಿನ ಮೇಲೆ ಚೆನ್ನಾಗಿ ಬರುತ್ತೆ" ಎಂದರು. ಅಲ್ಲಿಗೆ ವಿಜ್ಞಾನ ಮುಗಿಯಿತು.

ಮನಾಂಗ್‌ಗೆ ಮುಖ್ಯವಾದದ್ದು ಮಧ್ಯಾಹ್ನದ ನಾಟಕ. ಧಾರಾವಾಹಿ, ದಿನವೂ ಒಂದು ಕಂತು. ಅವರ ಅಡುಗೆಮನೆಯ ಮೇಜಿನ ಕೆಳಗೆ 1934ರಿಂದ ಬರುತ್ತಿರುವ ಇಲೋಕಾನೊ ಪತ್ರಿಕೆ 'ಬನ್ನವಾಗ್'ನ ಹಳೆಯ ಸಂಚಿಕೆಗಳ ಕಟ್ಟಿತ್ತು. ಅದರ ಧಾರಾವಾಹಿ ಕಾದಂಬರಿ ಕಣ್ಣಿಗೆ, ರೇಡಿಯೋ ನಾಟಕ ಕಿವಿಗೆ, ಕೈ ಮಾತ್ರ ಬೀನ್ಸ್ ಮುರಿಯಲಿಕ್ಕೆ. ನಾಟಕ ನಡೆಯುವಾಗ ಮಾತಾಡಿದರೆ ಚಾಕು ಎತ್ತಿ ತೋರಿಸುತ್ತಿದ್ದರು. ಜಾಹೀರಾತು ಬಂದಾಗ ಕತೆ ಹೇಳುತ್ತಿದ್ದರು: ಗದ್ದೆ ಅಡವಿಟ್ಟ ವಿಧವೆ, ಹಾಂಗ್‌ಕಾಂಗ್‌ಗೆ ದುಡಿಯಲು ಹೋಗಿ ಪತ್ರ ಬರೆಯದ ಮಗಳು, ದಿನಾ ಬಾಗಿಲಿಗೆ ಬರುವ ಸಾಲಗಾರ. ಅತ್ತೆಯ ದನಿ ಕೇಳಿದರೆ ಸಾಕು, ಭಾಷೆ ಬಾರದ ನನಗೂ ಸಿಟ್ಟು ನೆತ್ತಿಗೇರುತ್ತಿತ್ತು. ಮಳೆಗಾಲದಲ್ಲಿ ಸೊಸೆಯಂದಿರ ಕಣ್ಣೀರಿನ ನಡುವೆಯೇ ನಾಟಕ ನಿಲ್ಲಿಸಿ ಬಿರುಗಾಳಿಯ ಸಿಗ್ನಲ್ ನಂಬರ್ ಹೇಳುತ್ತಾರೆ, ಯಾವ ಊರಿನ ಶಾಲೆಗೆ ರಜೆ ಎಂದು ಹೇಳುತ್ತಾರೆ. ನಮ್ಮ ಹುಡುಗಿ ರೇಡಿಯೋದತ್ತ ಕಿವಿಗೊಡುತ್ತಿದ್ದದ್ದು ಈ ಒಂದು ಗಳಿಗೆಗೆ ಮಾತ್ರ.

ಇದನ್ನೆಲ್ಲ ಬರೆದಿಟ್ಟುಕೊಂಡು ಊರಿಗೆ ಹೋಗಿ ಒಂದು ಲೇಖನ ಬರೆದು ಹೆಸರು ಮಾಡಬೇಕೆಂಬ ದುರಾಸೆ ಹುಟ್ಟಿತು. ಬರೆಯಲು ಕೈಗೆ ಸಿಕ್ಕಿದ್ದು ನಿವೃತ್ತಿಯ ದಿನ ಬ್ಯಾಂಕಿನವರು ಶಾಲು, ಹಣ್ಣಿನ ಜೊತೆಗೆ ಕೊಟ್ಟ ಡೈರಿ. ಕೆಂಪು ರಟ್ಟು, ಮೇಲೆ ಬಂಗಾರದ ಬಣ್ಣದ ರೂಪಾಯಿ ಚಿಹ್ನೆ. ಒಳಗೆ ನಾಟಕದ ಪಾತ್ರಗಳ ಪಟ್ಟಿ ಮಾಡಿದೆ, ಯಾರು ಯಾರಿಗೆ ಏನಾಗಬೇಕು ಎಂದು ಬರೆದೆ. ಕೊನೆಯ ಪುಟಗಳಲ್ಲಿ ಸ್ಟೇಷನ್ನುಗಳ ಕಂಪನಾಂಕ. ಬರೆಯುತ್ತ ಹೋದಂತೆ ಒಂದು ಚಂದದ ಸಂಗತಿ ಕಂಡಿತು: ಎಲ್ಲವೂ ಒಂಬತ್ತರಿಂದ ಭಾಗವಾಗುತ್ತವೆ. ನಮ್ಮಲ್ಲಿಯಂತೆ ಅಲ್ಲೂ ಮಧ್ಯಮ ತರಂಗದಲ್ಲಿ ಸ್ಟೇಷನ್ನಿನಿಂದ ಸ್ಟೇಷನ್ನಿಗೆ ಒಂಬತ್ತು ಕಿಲೋಹರ್ಟ್ಸ್ ಅಂತರ. ಬ್ಯಾಂಕಿನ ಚಾಳಿ ಬಿಡಬೇಕಲ್ಲ. ಪಕ್ಕದಲ್ಲಿ ನೀಟಾಗಿ ಭಾಗಿಸಿ ಬರೆದೆ: 603, ಒಂಬತ್ತರಂತೆ 67. 711, ಒಂಬತ್ತರಂತೆ 79. 747ಕ್ಕೆ 83, 909ಕ್ಕೆ 101, 963ಕ್ಕೆ 107. ಕೆಳಗೆ ಗೆರೆ ಎಳೆದು ಸಹಿಯನ್ನೂ ಹಾಕಿದೆ.

ಮರುದಿನ ಡೈರಿ ಕಳೆದುಹೋಯಿತು.

ವಿಗಾನ್ ಪೇಟೆಯ ನಡುವೆ ಸ್ಪೇನಿನವರ ಕಾಲದ ಕಲ್ಲುಹಾಸಿನ ಬೀದಿಯಿದೆ, 1999ರಲ್ಲಿ ಯುನೆಸ್ಕೋ ಆ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಸಂಜೆ ಅಲ್ಲಿ ಸುತ್ತಿ, ಚೌಕದ ಬದಿಯಲ್ಲಿ ಎಂಪನಾಡ ತಿಂದೆ. ಅಕ್ಕಿಹಿಟ್ಟಿನ ಕೇಸರಿ ಬಣ್ಣದ ಹಾಳೆಯೊಳಗೆ ಪಪ್ಪಾಯಿ ಕಾಯಿಯ ತುರಿ, ಮೊಟ್ಟೆ, ಬೆಳ್ಳುಳ್ಳಿ ಮಾಂಸದ ಹೂರಣ ಇಟ್ಟು ಕರಿಯುವ ನಮ್ಮ ಕರಿಗಡುಬಿನ ದೂರದ ದಾಯಾದಿ ಅದು. ನನಗಾಗಿ ಮಾಂಸ ಬಿಟ್ಟು ಮಾಡಿಕೊಟ್ಟರು. ಎಣ್ಣೆಗೈಯಲ್ಲಿ ಡೈರಿ ಹಿಡಿಯಬಾರದೆಂದು ಎಲ್ಲೋ ಇಟ್ಟೆ. ಆ 'ಎಲ್ಲೋ' ಎಲ್ಲಿ ಎಂಬುದು ಟ್ರೈಸಿಕಲ್ ಹತ್ತಿ ಮನೆಗೆ ಬಂದಮೇಲೆ ನೆನಪಾಗಲೇ ಇಲ್ಲ.

"ಪೊಲೀಸ್ ಸ್ಟೇಷನ್ನಿಗೆ ಹೋಗಲೇ?" ಎಂದೆ.

ಮನಾಂಗ್ ನಕ್ಕರು. "ಪೊಲೀಸರು ಏನು ಮಾಡ್ತಾರೆ? ರೇಡಿಯೋಕ್ಕೆ ಹೋಗು."

ಅಲ್ಲಿನ ಎಎಂ ಸ್ಟೇಷನ್ನುಗಳಲ್ಲಿ ದಿನವೂ ಒಂದು ಹೊತ್ತು ಸಾರ್ವಜನಿಕರ ಕರೆ, ಕಳಕಳಿಗೆ ಮೀಸಲು. ಕಳೆದ ಪರ್ಸು, ತಪ್ಪಿಸಿಕೊಂಡ ಎಮ್ಮೆ, ಬೆಟ್ಟದ ಮೇಲಿನ ಊರಿನ ತಮ್ಮನಿಗೆ ತಾಯಿಯ ಬುಲಾವು, ಸತ್ತವರ ಮಣ್ಣಿನ ಹೊತ್ತು, ಎಲ್ಲವೂ ಅಲ್ಲಿ. ನಾನು ಹೋದ ಸ್ಟೇಷನ್ನಿನ ಹೆಸರೂ ಬೇಡ, ಊರೂ ಬೇಡ. ಪೇಟೆ ದಾಟಿ ಹೆದ್ದಾರಿಯ ಬದಿಯಲ್ಲಿತ್ತು ಎಂದರೆ ಸಾಕು. ಹಿತ್ತಲ ಗದ್ದೆಯಲ್ಲಿ ಎತ್ತರದ ಕಂಬ. ಎಎಂನಲ್ಲಿ ಕಂಬದ ತುದಿಗೆ ಆಂಟೆನಾ ಕಟ್ಟುವುದಿಲ್ಲ, ಕಂಬವೇ ಆಂಟೆನಾ. ಅದಕ್ಕೇ ಬುಡದಲ್ಲಿ ಪಿಂಗಾಣಿಯ ಮೇಲೆ ನಿಲ್ಲಿಸಿ, ಸುತ್ತ ಬೇಲಿ ಹಾಕಿ, ತಲೆಬುರುಡೆಯ ಚಿತ್ರ ತೂಗುಹಾಕಿದ್ದರು. ಬೇಲಿಯ ಹೊರಗೆ ಒಂದು ಮೇಕೆ ಯಾವ ಭಯವೂ ಇಲ್ಲದೆ ಮೇಯುತ್ತಿತ್ತು.

ಬೆಂಚಿನ ಮೇಲೆ ನನಗಿಂತ ಮುಂಚೆ ಇಬ್ಬರು. ಒಬ್ಬಳು, ಗಂಡ ಮನೆಬಿಟ್ಟು ಹೋದದ್ದನ್ನು ಸಾರಲು ಬಂದವಳು. "ವಾಪಸು ಬಾ ಎನ್ನಬೇಡಿ, ಬೈಕಿನ ಕೀಲಿ ಕಳಿಸು ಎನ್ನಿ ಸಾಕು" ಎಂದು ಬರೆದುಕೊಳ್ಳುವ ಹುಡುಗನಿಗೆ ತಾಕೀತು ಮಾಡುತ್ತಿದ್ದಳು. ಇನ್ನೊಬ್ಬ ಮುದುಕ, ಸಿಕ್ಕಿದ ಹುಂಜವೊಂದನ್ನು ತೊಡೆಯ ಮೇಲಿಟ್ಟುಕೊಂಡು ವಾರಸುದಾರರನ್ನು ಹುಡುಕಿ ಬಂದವನು. ನನ್ನದನ್ನೂ ಚೀಟಿಯಲ್ಲಿ ಬರೆದುಕೊಟ್ಟು ಬಂದಿದ್ದರೆ ಈ ಲೇಖನವಿರುತ್ತಿರಲಿಲ್ಲ. ಆದರೆ ಗಾಜಿನಾಚೆ ಮೈಕು ಕಂಡಿತು. ಹುಡುಗನಿಗೆ ಹೇಳಿದೆ, "ನಾನೂ ರೇಡಿಯೋದವನೇ. ಇಂಡಿಯಾದಲ್ಲಿ." ಆತ ಒಳಗೆ ಹೋಗಿ ಹೇಳಿದ. ನಿರೂಪಕ ಕೈಬೀಸಿ ಕರೆದ. ಸಹೋದ್ಯೋಗಿಗೆ ಸಿಗಬೇಕಾದ ಗೌರವ ಇದು ಎಂದುಕೊಂಡು, ಗಂಟಲು ಸರಿಮಾಡಿಕೊಂಡು ಒಳಗೆ ಹೋದೆ. ಮೂಲೆಯಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲೊಂದು ನಮ್ಮನ್ನು ಫೇಸ್‌ಬುಕ್ ಲೈವ್‌ನಲ್ಲಿ ತೋರಿಸುತ್ತಿದ್ದದ್ದು ಆಗ ಗಮನಕ್ಕೆ ಬರಲಿಲ್ಲ. ಅದೇ ಹೊತ್ತಿಗೆ ಅನಾಟಮಿ ಕ್ಲಾಸಿನಲ್ಲಿ ನಮ್ಮ ಹುಡುಗಿಯ ಪಕ್ಕದವಳು ಫೋನು ಅವಳತ್ತ ತಿರುಗಿಸಿ, "ಇವರು ನಿಮ್ಮ ಅಂಕಲ್ ಅಲ್ವಾ?" ಎಂದಳಂತೆ. ಹುಡುಗಿ "ಅಲ್ಲ" ಎಂದಳಂತೆ.

ನಿರೂಪಕ ಇಲೋಕಾನೊದಲ್ಲಿ ಏನೋ ಸಾರಿ, ಇಂಗ್ಲಿಷಿಗೆ ಇಳಿದು ಕೇಳಿದ: "ಆ ಪುಸ್ತಕದಲ್ಲಿ ಏನಿತ್ತು, ಸರ್?"

ಎರಡನೆಯ ದೂತನ ಗಾಂಭೀರ್ಯದಿಂದ ಹೇಳಿದೆ, "ಹೆಸರುಗಳು. ಮತ್ತು ಅಂಕಿಗಳು."

"ಯಾರ ಹೆಸರು?"

"ಇಲ್ಲಿನವರದೇ. ಯಾರು ಯಾರಿಗೆ ಎಷ್ಟು ಕೊಡಬೇಕು ಎಂಬುದೆಲ್ಲ ಇದೆ."

ನಾನು ನಾಟಕದ ವಿಧವೆಯ ವಿಷಯ ಹೇಳುತ್ತಿದ್ದೆ. ಸ್ಟುಡಿಯೋ ಗಪ್‌ಚಿಪ್ ಆಯಿತು. ನಿರೂಪಕ ದನಿ ತಗ್ಗಿಸಿ, "ಅಂಕಿ ಎಂದರೆ ಯಾವ ಅಂಕಿ, ಸರ್?"

"ಆರು ನೂರಾ ಮೂರು. ಏಳು ನೂರಾ ಹನ್ನೊಂದು. ಒಂಬೈನೂರಾ ಒಂಬತ್ತು. ಎಲ್ಲವನ್ನೂ ಒಂಬತ್ತರಿಂದ ಭಾಗಿಸಿದ್ದೇನೆ." ಇಷ್ಟಕ್ಕೆ ಯಾಕೋ ಗಾಬರಿಯಾಗಿ, "ಅವು ಬೇರೆ ರೇಡಿಯೋ ಸ್ಟೇಷ..." ಎಂದು ಶುರುಮಾಡಿದೆ. ನಿರೂಪಕನ ಬೆರಳು ಮಿಂಚಿನಂತೆ ಗುಂಡಿಯ ಮೇಲೆ ಬಿತ್ತು, ಕೆಮ್ಮಿನ ಔಷಧಿಯ ಜಾಹೀರಾತು ಹಾಡತೊಡಗಿತು. ತನ್ನ ಸ್ಟೇಷನ್ನಿನಲ್ಲಿ ಕೂತು ಎದುರಾಳಿಯ ನಂಬರು ಹೇಳಲು ಯಾವ ರೇಡಿಯೋದವನೂ ಬಿಡುವುದಿಲ್ಲ, ಧಾರವಾಡದಲ್ಲೂ ಬಿಡುತ್ತಿರಲಿಲ್ಲ. ಹೀಗೆ ಸತ್ಯಕ್ಕೆ ಗಾಳಿಗೇರುವ ಅವಕಾಶ ತಪ್ಪಿತು. ಅಂಕಿಗಳು ಮಾತ್ರ ಹೋಗಿಬಿಟ್ಟಿದ್ದವು.

ಆ ಅಂಕಿಗಳು ಹೊರಗೆ ಹೋಗಿ ಏನು ಮಾಡಿದವು ಎಂದು ತಿಳಿಯಬೇಕಾದರೆ ಫಿಲಿಪೀನ್ಸ್‌ನಲ್ಲಿ ಇಂಡಿಯಾದವನು ಎಂದರೆ ಯಾರು ಎಂಬುದು ಗೊತ್ತಿರಬೇಕು. ಅಲ್ಲಿ ನಮಗೆಲ್ಲ ಒಂದೇ ಹೆಸರು, ಬುಂಬಾಯ್. ಬುಂಬಾಯ್ ಎಂದರೆ ಮೋಟಾರ್ ಸೈಕಲ್ಲಿನ ಮೇಲೆ ಬೆಳಗ್ಗೆ ಬೆಳಗ್ಗೆ ಬರುವ ಸಾಲಗಾರ. ಹೆಚ್ಚಿನವರು ಪಂಜಾಬಿನವರು. ಛತ್ರಿ, ಕಂಬಳಿ, ಸೊಳ್ಳೆಪರದೆ, ಟೇಬಲ್ ಫ್ಯಾನುಗಳನ್ನು ಕಂತಿನ ಮೇಲೆ ಕೊಡುತ್ತಾರೆ, ಬ್ಯಾಂಕು ಹತ್ತಿರ ಬಿಟ್ಟುಕೊಳ್ಳದ ಮೀನು ಮಾರುವವಳಿಗೂ ಗೂಡಂಗಡಿಯವಳಿಗೂ ಕಾಗದಪತ್ರವಿಲ್ಲದೆ ಸಾಲ ಕೊಡುತ್ತಾರೆ. ಐದು ಕೊಟ್ಟರೆ ಆರು ವಾಪಸು, ದಿನಕ್ಕಿಷ್ಟು ಎಂದು. ಅದಕ್ಕೇ ಈ ವ್ಯವಹಾರಕ್ಕೆ 'ಫೈವ್-ಸಿಕ್ಸ್' ಎಂದೇ ಹೆಸರು. 2017ರಲ್ಲಿ ಡುಟರ್ಟೆ ಸರ್ಕಾರ ಇದನ್ನು ಮಟ್ಟಹಾಕುತ್ತೇವೆಂದು ಗುಡುಗಿ, ಬದಲಿಗೆ ಕಡಿಮೆ ಬಡ್ಡಿಯ ಸಣ್ಣ ಸಾಲದ ಯೋಜನೆ ತಂದಿತು. ಮೋಟಾರ್ ಸೈಕಲ್ಲುಗಳೇನೂ ನಿಲ್ಲಲಿಲ್ಲ. ವಸೂಲಿ ವಿಭಾಗದ ಹಳೆಯ ಹುಲಿಯಾಗಿ ನನ್ನ ಅಭಿಪ್ರಾಯ ಹೇಳುವುದಾದರೆ, ಬೆಳಗ್ಗೆ ಆರಕ್ಕೆ ಬಾಗಿಲಿಗೆ ಬರುವವನನ್ನು ಯಾವ ಯೋಜನೆಯೂ ಸೋಲಿಸಲಾರದು. ನಾವು ಹೋಗುತ್ತಿದ್ದದ್ದು ಹನ್ನೊಂದಕ್ಕೆ.

ನಾನು ಮನೆ ಮುಟ್ಟುವಷ್ಟರಲ್ಲಿ ಕರೆಗಳು ಶುರುವಾಗಿದ್ದವು. ಮನಾಂಗ್ ರೇಡಿಯೋ ಮುಂದೆ ಕೂತು ಅನುವಾದ ಮಾಡಿದರು. ಒಬ್ಬಳು: ತಾನು ತೆಗೆದುಕೊಂಡದ್ದು ಐದು ನೂರು, 603 ಹೇಗಾಯಿತು, ಮೂರು ಪೆಸೊ ಯಾತರದ್ದು? ಇನ್ನೊಬ್ಬ: 711 ತನ್ನದಲ್ಲ, ತನ್ನ ಷಡ್ಡಕನದಿರಬೇಕು. ಮತ್ತೊಬ್ಬ ಹೆಸರು ಹೇಳದವನು ಬಹಳ ವಿನಯದಿಂದ, ಪುಸ್ತಕ ಸಿಕ್ಕವರು ದೇವರ ಮೇಲೆ ಆಣೆ, ಅದನ್ನು ಮೆಸ್ತೀಸೊ ಹೊಳೆಗೆ ಎಸೆಯಬೇಕು ಎಂದು ಕೋರಿದ. ಮೊದಲ 15 ಇಲೋಕಾನೊ ಕೂಲಿಗಳು ಕಬ್ಬಿನ ತೋಟಕ್ಕೆ ಹವಾಯಿಗೆ ಹಡಗು ಹತ್ತಿದ್ದು 1906ರಲ್ಲಿ; ಅವರ ಹಿಂದೆ ಹೋದವರ ಮರಿಮಕ್ಕಳು ಈಗ ಅಲ್ಲಿಂದಲೇ ಲೈವ್ ನೋಡುತ್ತಾರೆ. ಹೊನಲುಲುವಿನಿಂದ ಒಬ್ಬರು ಬರೆದಿದ್ದರು: ಊರಿನ ನನ್ನ ತಮ್ಮನ ಹೆಸರು ಇದ್ದರೆ ದಯವಿಟ್ಟು ಗಟ್ಟಿಯಾಗಿ ಓದಿ.

ಸಂಜೆ ಹುಡುಗಿ ಬಂದವಳೇ ಬಾಗಿಲಲ್ಲಿ ನಿಂತಳು. "ಮಾಮಾ, ಅವ್ವ ನಿಮ್ಮನ್ನ ನನ್ನ ನೋಡ್ಕೊಳ್ಳಾಕ ಕಳಿಸ್ಯಾಳೋ, ನಾನ ನಿಮ್ಮನ್ನ ನೋಡ್ಕೋಬೇಕೋ?"

"ಏನಾತವಾ ಈಗ?"

"ಏನಾಗೂದು? ಕಾಲೇಜಿನ ಕ್ಯಾಂಟೀನಿನಾಕಿ ಇವತ್ತ ನನ್ನ ಕಡೆ ರೊಕ್ಕಾನ ತಗೊಳ್ಲಿಲ್ಲ. 'ಅಂಕಲ್ ಲೆಕ್ಕದಾಗ ಮುರ್ಕೊಳ್ಲಿ' ಅಂದ್ಲು."

ಪೇಟೆಗೆ ಹೋದರೆ ಮೀನಿನ ಸಾಲಿನಲ್ಲಿ ಛತ್ರಿಗಳೆಲ್ಲ ಒಂದೊಂದಾಗಿ ಕೆಳಗಿಳಿದು ಹೆಂಗಸರ ಮುಖ ಮುಚ್ಚತೊಡಗಿದವು. ಎಂಪನಾಡದವಳು ಕೇಳದೆಯೇ ಎರಡು ಮೊಟ್ಟೆ ಹಾಕಿದಳು. ನೌಕರಿಯಲ್ಲಿದ್ದಷ್ಟು ಕಾಲ ಒಬ್ಬ ಬಾಕಿದಾರನೂ ನನ್ನನ್ನು ಕಂಡು ರಸ್ತೆ ದಾಟಿರಲಿಲ್ಲ. ಇಲ್ಲಿ ಇಡೀ ಬೀದಿಯೇ ದಾಟುತ್ತಿತ್ತು. ಹೇಳಲು ನಾಚಿಕೆ, ನಡಿಗೆಯಲ್ಲಿ ಸ್ವಲ್ಪ ಠೀವಿ ಬಂದಿತ್ತು.

ಠೀವಿ ಇಳಿಸಲು ಅಸಲಿ ಬುಂಬಾಯ್ ಬಂದ. ನಸುಕಿನಲ್ಲಿ ಬಾಗಿಲ ಮುಂದೆ ಬೈಕು ನಿಲ್ಲಿಸಿ, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ಹಿಂದಿಯಲ್ಲಿ ಮಾತಿಗಿಳಿದ. ಜಲಂಧರ್ ಕಡೆಯವನು, ಸಂಭಾವಿತ. ನನ್ನ ಹುಬ್ಬಳ್ಳಿ ಹಿಂದಿ ಕೇಳಿ ಸ್ವಲ್ಪ ಹೊತ್ತು ಅದು ಇಲೋಕಾನೊ ಎಂದುಕೊಂಡು ಇಲೋಕಾನೊದಲ್ಲೇ ಉತ್ತರ ಕೊಟ್ಟ. ಅವನ ಅಳಲು ಇಷ್ಟು: ಗಿರಾಕಿಗಳೆಲ್ಲ ತಿರುಗಿಬಿದ್ದಿದ್ದಾರೆ. ಹೊಸ ಬುಂಬಾಯ್ 603ಕ್ಕೆ ದಿನಕ್ಕೆ 67ರಂತೆ ಒಂಬತ್ತೇ ಕಂತಿನಲ್ಲಿ ಮುಗಿಸುತ್ತಾನೆ, ನೀನು ಮಾತ್ರ ತಿಂಗಳುಗಟ್ಟಲೆ ಸುತ್ತಿಸುತ್ತೀಯ ಎನ್ನುತ್ತಿದ್ದಾರೆ.

"ಭಾಯಿಸಾಬ್, ಒಂಬತ್ತು ಕಂತಿಗೆ ನಿಮಗೆ ಹೇಗೆ ಪೂರೈಸುತ್ತದೆ? ಹಿಂದೆ ಯಾರಿದ್ದಾರೆ?"

"ಅದು ಸಾಲ ಅಲ್ಲ. ಕಿಲೋಹರ್ಟ್ಸ್" ಎಂದೆ.

ಆತ ಗಂಭೀರವಾಗಿ ಯೋಚಿಸಿದ. "ಮನಿಲಾದ ಬ್ಯಾಂಕೇ?"

ಹುಡುಗಿ ಎದ್ದುಬಂದು ಬಿಡಿಸಿ ಹೇಳಿದ ಮೇಲೆ ಆತ ನಕ್ಕು ನಕ್ಕು ಬೈಕಿನ ಮೇಲೆ ಒರಗಿದ. ಹೋಗುವಾಗ ಪರೋಪಕಾರಕ್ಕೆ ಒಂದು ಟೇಬಲ್ ಫ್ಯಾನು ಕೊಟ್ಟುಹೋದ. ಕಂತಿನ ಮೇಲೆ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ಎಂಬುದಕ್ಕೆ ಮುಂದಿನ ಕತೆ ಸಾಕ್ಷಿ. ಸ್ಟೇಷನ್ನಿನಿಂದ ಫೋನು ಬಂತು. ಮಧ್ಯಾಹ್ನದ ನಾಟಕದ ನಿರ್ದೇಶಕಿ. ನಾಟಕದಲ್ಲಿ ಬುಂಬಾಯ್ ಪಾತ್ರವಿದೆ, ಈ ತನಕ ನಮ್ಮವರೇ ಮಾಡುತ್ತಿದ್ದರು, ನಿಮ್ಮ ಕಂಠ ಕೇಳಿದೆವು, ಮಾಡುತ್ತೀರಾ? 'ನಿಮ್ಮ ಕಂಠ' ಎಂದಮೇಲೆ ಉಳಿದದ್ದು ನನಗೆ ಕೇಳಿಸಲಿಲ್ಲ.

ಮಾತುಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಮನಾಂಗ್ ಎದುರು ರಾತ್ರಿಯಿಡೀ ಉರುಹೊಡೆದೆ. "ಬಾಯಾದಮ್ ತಿ ಉತಾಂಗ್‌ಮೊ, ಮನಾಂಗ್." ಸಾಲ ತೀರಿಸು ಅಕ್ಕಾ ಎಂದು. ಕೊನೆಗೆ ಆಕೆ ದುಡ್ಡು ಕೊಟ್ಟರೆ "ದಿಯೋಸ್ ತಿ ಅಗ್‌ಙಿನಾ" ಎಂದು ಕೃತಜ್ಞತೆ. ಒಂದನೇ ಇಯತ್ತೆಯಲ್ಲಿ ಮಾಸ್ತರು ಬೆನ್ನ ಮೇಲೆ ಬಾರಿಸಿ ಕಲಿಸಿದ, ಆಮೇಲೆ ಒಂದು ದಿನವೂ ಕೆಲಸಕ್ಕೆ ಬಾರದ ಙ ಅಕ್ಷರಕ್ಕೆ ಕೊನೆಗೂ ನೌಕರಿ ಸಿಕ್ಕಿತ್ತು. ನನಗಿಂತ ಚೆನ್ನಾಗಿ ಅದೇ ನಿಭಾಯಿಸಿತು.

ಧ್ವನಿಮುದ್ರಣದ ಕೋಣೆ ನಮ್ಮ ಬಚ್ಚಲುಮನೆಗಿಂತ ತುಸು ದೊಡ್ಡದು. ಒಂದೇ ಮೈಕಿನ ಸುತ್ತ ನಾಲ್ಕು ಜನ. ಎಲ್ಲರ ಕೈಯಲ್ಲೂ ಪಿನ್ನು ಹಾಕದ ಬಿಡಿ ಹಾಳೆಗಳು. ಓದಿ ಮುಗಿದ ಹಾಳೆಯನ್ನು ಸದ್ದಾಗದಂತೆ ನೆಲಕ್ಕೆ ಜಾರಿಸಿಬಿಡುವುದು. ದೃಶ್ಯ ಮುಗಿಯುವ ಹೊತ್ತಿಗೆ ಎಲ್ಲರೂ ಮೊಣಕಾಲಿನ ತನಕ ಕಾಗದದಲ್ಲಿ. ಅತ್ತೆಯ ಪಾತ್ರದ ಹೆಂಗಸೇ ಏಳು ವರ್ಷದ ಮೊಮ್ಮಗನೂ ಹೌದು. ಮೈಕಿನ ಎಡಕ್ಕೆ ಬಾಗಿ ಬೈದು, ಬಲಕ್ಕೆ ಬಾಗಿ ಬೈಸಿಕೊಂಡು ಅಳುತ್ತಿದ್ದರು. ಅಳು ಮುಗಿದ ಮರುಕ್ಷಣ ಜಗ್ಗಿನಿಂದ ನೀರು ಕುಡಿದು ಮೊಬೈಲು ನೋಡುತ್ತಿದ್ದರು. ಮೂಲೆಯಲ್ಲಿ ಒಬ್ಬ ಹುಡುಗ ಮರಳು, ಜಲ್ಲಿ ತುಂಬಿದ ಟ್ರೇಯ ಮುಂದೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈಗೆ ಹವಾಯಿ ಚಪ್ಪಲಿ ಹಾಕಿಕೊಂಡು, ವಿಧವೆಯನ್ನು ಅಂಗಳದಿಂದ ಗೇಟಿನ ತನಕ ನಡೆಸುತ್ತಿದ್ದ. ಬಾಗಿಲ ಚಿಲಕ, ಲೋಟ, ಪ್ಲೇಟು, ಬೈಕಿನ ಹಾರ್ನು, ಎಲ್ಲ ಅವನ ಸಂಸಾರ.

ಸನ್ನೆ ಸಿಕ್ಕಿತು. ನಾನು ಎದೆಯುಬ್ಬಿಸಿ, ಒಂದೊಂದು ಅಕ್ಷರಕ್ಕೂ ನ್ಯಾಯ ಒದಗಿಸುತ್ತ, ವಿಧವೆಗೆ ಸಾಲ ತೀರಿಸಲು ಅಪ್ಪಣೆ ಮಾಡಿದೆ. ಗಾಜಿನಾಚೆ ನಿರ್ದೇಶಕಿ ಹಣೆ ಹಿಡಿದುಕೊಂಡಳು. "ಸರ್, ನೀವು ಬಿಷಪ್ ಅಲ್ಲ. ಬುಂಬಾಯ್. ನಿಮಗೆ ಇನ್ನೂ ನಲವತ್ತು ಮನೆ ತಿರುಗುವುದಿದೆ. ಬೇಗ ಹೇಳಿ." ಬೇಗ ಹೇಳಲು ಹೋದೆ, ನಾಲಿಗೆ ತೊಡರಿ ಸಾಲವನ್ನು ನಾನೇ ತೀರಿಸುವುದಾಗಿ ಹೇಳಿದೆನಂತೆ. ಕೋಪದಲ್ಲಿ ಹೇಳಿ ಎಂದರು. ಬಾಕಿದಾರರ ಮೇಲೆ ಕೋಪ ನನಗೆ ನೌಕರಿಯಲ್ಲೇ ಬರಲಿಲ್ಲ, ಇಲ್ಲಿ ಎಲ್ಲಿಂದ ತರಲಿ? ವಿಧವೆ ಎದುರಿಗೇ ನಿಂತು ಗದ್ಗದ ಕಂಠದಲ್ಲಿ "ಇಂತೊನೊ ಬಿಗಾತ್" ಎಂದಳು. ನಾಳೆ ಬಾ. ನಮ್ಮ ಹಳ್ಳಿಗಳಲ್ಲಿ ದೆವ್ವ ಬಾರದಿರಲೆಂದು ಬಾಗಿಲ ಮೇಲೆ ಬರೆಯುತ್ತಿದ್ದ ಅದೇ ಮಾತು. ನಾನು ಬ್ಯಾಂಕಿನ ರೂಢಿಯಲ್ಲಿ ತಲೆಯಾಡಿಸಿ "ಆಗಲವಾ" ಎಂದುಬಿಟ್ಟೆ. ಮೈಕು ಅದನ್ನೂ ಹಿಡಿಯಿತು. ಇಲೋಕಾನೊ ನಾಟಕದಲ್ಲಿ ಕನ್ನಡ ಮೊಳಗಿದ ಆ ಚಾರಿತ್ರಿಕ ಗಳಿಗೆಯನ್ನು ಅಳಿಸಿಹಾಕಿದರು.

ಮಾತುಗಳು ನಾಲ್ಕರಿಂದ ಎರಡಾದವು, ಎರಡರಿಂದ ಒಂದು ಕೆಮ್ಮಾಯಿತು. ಕೆಮ್ಮೂ ಶ್ರೀಮಂತರದ್ದಾಗಿ ಕೇಳಿಸಿತೆಂದು ಕೈಬಿಟ್ಟರು. ಕೊನೆಗೆ ನಿರ್ದೇಶಕಿ ಬಹಳ ಮರ್ಯಾದೆಯಿಂದ ಹಾರ್ನನ್ನು ನನ್ನ ಕೈಗೆ ಕೊಟ್ಟಳು. ಬುಂಬಾಯ್ ಬರುತ್ತಾನೆ, ಹಾರ್ನು ಹೊಡೆಯುತ್ತಾನೆ, ವಿಧವೆ ಬೆಚ್ಚುತ್ತಾಳೆ, ಸಂಗೀತ. ಅದು ಒಂದೇ ಸಲಕ್ಕೆ ಓಕೆ ಆಯಿತು. ಪ್ರಸಾರದ ದಿನ ಮನಾಂಗ್ ಬೀನ್ಸ್ ಮುರಿಯುವುದನ್ನೇ ನಿಲ್ಲಿಸಿ ಕೇಳಿದರು. ಹೆಂಡತಿಗೆ ಫೋನಿನಲ್ಲಿ ಕೇಳಿಸಿದೆ. "ದನಿ ಛಲೋ ಬಂದೈತಿ, ಮೊದ್ಲಿನಕಿಂತ ಸ್ಪಷ್ಟ ಐತಿ" ಎಂದಳು.

ಡೈರಿ ಸಿಕ್ಕಿದ್ದು ಆ ವಾರವೇ. ಎಂಪನಾಡ ಮಳಿಗೆಯ ಪಕ್ಕದ ಗೂಡಂಗಡಿಯ ಅಜ್ಜಿ ಬೆಂಚಿನ ಕೆಳಗಿಂದ ಎತ್ತಿಟ್ಟುಕೊಂಡಿದ್ದರು. ಕೂಡಲೇ ಕೊಡಲಿಲ್ಲವೇಕೆಂದರೆ ಓದಿ ನೋಡಿದ್ದರು. ಓದಿದ್ದು ಹೇಗೆ? ಪುಟ ಬಿಚ್ಚಿ ತೋರಿಸಿದರು. ನನ್ನ ದುಂಡು ಅಕ್ಷರದ ಕನ್ನಡದ ಮೇಲೆ ಬೆರಳಾಡಿಸುತ್ತ, "ಎಷ್ಟೊಂದು ಸೊನ್ನೆ, ಆಪೊ! ಇಷ್ಟು ಕೋಟಿ ಯಾರಿಗೆ ಕೊಟ್ಟಿದ್ದೀರಿ?" ಎಂದರು. ತಮ್ಮ ನಾದಿನಿಯ ಹೆಸರು ಇದೆಯೇ ಎಂದು ಪಿಸುದನಿಯಲ್ಲಿ ವಿಚಾರಿಸಿದರು. ಇಲ್ಲ ಎಂದಾಗ ಅವರಿಗೆ ನಿರಾಸೆಯಾದದ್ದು ಸ್ಪಷ್ಟವಾಗಿತ್ತು.

ಹೊರಡುವ ದಿನಗಳು ಹತ್ತಿರವಾದಾಗ ಟ್ರೈಸಿಕಲ್ ಚಾಲಕನೊಬ್ಬ ಬಂದ. ದಿನಾ ನನ್ನನ್ನು ಪೇಟೆಗೆ ಒಯ್ಯುತ್ತಿದ್ದವನೇ. ಮಗಳ ಶಾಲೆಯ ಶೂಗೆ ಐದು ನೂರು ಪೆಸೊ ಬೇಕಿತ್ತು. ನಾನು ಮತ್ತೆ ಮೊದಲಿನಿಂದ ಡೈರಿ, ಸ್ಟೇಷನ್ನು, ಕಿಲೋಹರ್ಟ್ಸ್ ಎಂದು ವಿವರಿಸಲು ಹೊರಟೆ.

"ಎಲ್ಲ ಗೊತ್ತು, ಮನೋಂಗ್. ನಾಟಕವನ್ನೂ ಕೇಳಿದೆ. ಹಾರ್ನು ಎಷ್ಟು ಚೆನ್ನಾಗಿ ಹೊಡೆದಿರಿ!" ಎಂದ. ಮನೋಂಗ್ ಎಂದರೆ ಅಣ್ಣ.

ಐದು ನೂರು ಕೊಟ್ಟೆ. ವಾಪಸು ಬರುವುದಿಲ್ಲವೆಂದು ಅನುಭವದ ಮೇಲೆ ಗೊತ್ತಿತ್ತು. ಆತ ಹೇಳಿದ ದಿನವೇ ಬಂದು ಆರು ನೂರು ಮೇಜಿನ ಮೇಲಿಟ್ಟ. ಹೆಚ್ಚಿನ ನೂರನ್ನು ಅವನ ಜೇಬಿಗೇ ತುರುಕಲು ಹೋದರೆ ಮುಖ ಸಪ್ಪಗಾಯಿತು. "ನೀವು ಬಡ್ಡಿ ತಗೊಳ್ಳದಿದ್ದರೆ ಮುಂದಿನ ಸಲ ಕೇಳುವುದು ಹೇಗೆ?" ಎಂದ. ನನ್ನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಬ್ಯಾಂಕಿನಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಆತ ಡೈರಿಯನ್ನು ತನ್ನತ್ತ ಎಳೆದುಕೊಂಡು, ಹೊಸ ಪುಟದಲ್ಲಿ ತನ್ನ ಹೆಸರು ಬರೆದು, ಮುಂದೆ 500 ಬರೆದು, ತಾನೇ ಅಡ್ಡಗೆರೆ ಹೊಡೆದ. ಅದರ ಕೆಳಗೆ ಇನ್ನೊಂದು ಹೆಸರು ಬರೆದು, ಮುಂದೆ 1,000 ಎಂದು ಬರೆದ.

"ಇದ್ಯಾರದು?" ಎಂದೆ.

"ನನ್ನ ಭಾವಮೈದ. ಒಳ್ಳೆಯವನು, ಮನೋಂಗ್. ಹೊರಗೆ ನಿಂತಿದ್ದಾನೆ."